ಹೊಳೆವ್ವನ ದನಿ

ನಮ್ಮ ಕಾರಿಗೆ ಹೊಳೆವ್ವ ಎಂದು ಹೆಸರಿಟ್ಟವನು ನನ್ನಪ್ಪ. ಅದೊಂದು ಹಳೆಯ ಲ್ಯಾಂಡ್‌ಮಾಸ್ಟರ್. ಜುಗೂಳಿನಲ್ಲಿ ಎತ್ತಿಗೆ, ಎಮ್ಮೆಗೆ ಹೆಸರಿಡುವವರು ಬೇಕಾದಷ್ಟು ಜನರಿದ್ದರು, ಕಾರಿಗೆ ಹೆಸರಿಟ್ಟವನು ಇವನೊಬ್ಬನೇ. ಕಾರಿದ್ದವನೂ ಇವನೊಬ್ಬನೇ ಅನ್ನಿ. ಬೆಳಿಗ್ಗೆ ಮುಂದೆ ಹ್ಯಾಂಡಲ್ ಸಿಕ್ಕಿಸಿ ತಿರುವುತ್ತ ಅಪ್ಪ ಅದನ್ನು ಬೈಯುತ್ತಿದ್ದ. "ಏಳ ಬೇ ಹೊಳೆವ್ವಾ! ಮೈಗಳ್ಳಿ! ಎಷ್ಟೊತ್ತ ಮಲಗ್ತಿ?" ಬೈಗುಳಕ್ಕೆ ಹೆದರಿಯೋ ಏನೋ, ಅದು ಏಳುತ್ತಿತ್ತು. ಆಗ ನಾನು ಚಿಕ್ಕೋಡಿಯಲ್ಲಿ ಕಾಲೇಜು ಓದುತ್ತಿದ್ದೆ. ರಜೆಗೆ ಬಂದಾಗ ಕಬ್ಬಿಣದ ಜೊತೆ ಮಾತಾಡುವ ಅಪ್ಪನನ್ನು ಕಂಡು ನಾಚಿ ಒಳಗೆ ಹೋಗುತ್ತಿದ್ದೆ.

ಅದು ಎದ್ದರೆ ಊರೂ ಎದ್ದಂತೆಯೇ. ಸೈಲೆನ್ಸರ್ ತೂತು ಬಿದ್ದಾಗ ಅಪ್ಪ ಎಣ್ಣೆ ಡಬ್ಬಿಯ ತಗಡು ಸುತ್ತಿ ತಂತಿ ಬಿಗಿದಿದ್ದ. ಹಾಗಾಗಿ ಅದಕ್ಕೊಂದು ಬೇರೆಯದೇ ದನಿ ಬಂದಿತ್ತು. ಗುಡುಗುಡು ಅನ್ನುವುದು, ನಡುವೆ ಒಮ್ಮೆ ಕೆಮ್ಮುವುದು, ಮತ್ತೆ ಗುಡುಗುಡು. ಒಳಗೆ ಕೂತವರು ಒಬ್ಬರಿಗೊಬ್ಬರು ಮಾತಾಡುವಂತಿರಲಿಲ್ಲ.

ಅಕ್ಕ ಸಕ್ಕುಬಾಯಿಯನ್ನು ಕೊಟ್ಟದ್ದು ಕೃಷ್ಣೆಯ ಆಚೆ ದಂಡೆಗೆ, ಮರಾಠಿ ಊರಿಗೆ. ನಮ್ಮ ದಂಡೆಯಲ್ಲಿ ನಿಂತರೆ ಅವಳ ಮನೆಯ ಹಂಚು ಕಾಣುತ್ತದೆ. ಕಾರಿನಲ್ಲಿ ಹೋಗಬೇಕೆಂದರೆ ಮಾತ್ರ ಊರೂರು ಸುತ್ತಬೇಕು. ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕರೆತರುವುದು ನಮ್ಮ ಕಡೆ ತಪ್ಪದ ಪದ್ಧತಿ. ಅಪ್ಪ ಹೊಳೆವ್ವಳನ್ನು ದಂಡೆಗೆ ಒಯ್ದು ನಿಲ್ಲಿಸಿ ಆಕ್ಸಿಲರೇಟರ್ ಒತ್ತುತ್ತಿದ್ದ. ಆ ಆವಾಜು ನೀರು ದಾಟಿ ಹೋಗುತ್ತಿತ್ತು. ಹೊಳೆಯ ಮೇಲೆ ಸಪ್ಪಳ ತೇಲುತ್ತದೆ. ಈ ದಂಡೆಯಲ್ಲಿ ಕೆಮ್ಮಿದರೆ ಆ ದಂಡೆಯವರು ಯಾರೆಂದು ನೋಡುತ್ತಾರೆ. ಅಕ್ಕ ಬಟ್ಟೆ ಗಂಟು ಹಿಡಿದು ನಾವೆ ಹತ್ತುತ್ತಿದ್ದಳು. ಅವಳಿಗೆ ಅದೇ ಕರೆ.

ಅಪ್ಪ ಹೋದ ಮೇಲೆ ಹೊಳೆವ್ವ ಕೊಟ್ಟಿಗೆ ಸೇರಿದಳು. ನಾನು ನಾವೆಯಲ್ಲೇ ಹೋಗಿ ಅಕ್ಕನನ್ನು ಕರೆತರುತ್ತಿದ್ದೆ. ತೊಂಬತ್ತೊಂದನೇ ಇಸವಿಯಲ್ಲಿ ಭಾವ ತೀರಿಕೊಂಡ. ಆ ವರ್ಷದ ಪಂಚಮಿಗೆ ಹೋದರೆ ಅಕ್ಕ ಗೋಡೆಗೆ ಒರಗಿದವಳು ಏಳಲೇ ಇಲ್ಲ.

"ನನಗೆಂಥಾ ಪಂಚಮಿ ತಮ್ಮಾ? ನೀ ಹೋಗು."

"ಹಬ್ಬಕ್ಕ ಬ್ಯಾಡಕ್ಕಾ. ಸುಮ್ಮ ನಾಕ ದಿನ ಇದ್ದ ಬಾ."

"ಅಪ್ಪನ ಗಾಡಿ ದಂಡಿಗೆ ಬರಲಿ. ಆ ಆವಾಜ ಕೇಳಿಸ್ಲಿ. ಆವತ್ತ ಬರ್ತೀನಿ."

ನನ್ನ ಬಾಯಿ ಮುಚ್ಚಿಸಲು ಆಡಿದ ಮಾತದು. ಆ ಗಾಡಿಯಲ್ಲಿ ಕೋಳಿ ಮೊಟ್ಟೆ ಇಡುತ್ತಿದ್ದವು ಎನ್ನುವುದು ಅವಳಿಗೂ ಗೊತ್ತಿತ್ತು. ಆದರೆ ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆಗದ ಮಾತು ಅಂದರೆ ಸಾಕು, ಅದನ್ನು ಆಗಿಸುವವರೆಗೆ ನನಗೆ ಅನ್ನ ಇಳಿಯುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ಭಯವಾಗಿತ್ತು. ಅಕ್ಕ ಹೊಸಿಲು ದಾಟುವುದನ್ನೇ ಬಿಟ್ಟಿದ್ದಳು. ಹೀಗೇ ಬಿಟ್ಟರೆ ಆ ಗೋಡೆಯ ಜೊತೆಗೇ ಸೇರಿಹೋಗುತ್ತಾಳೆ ಅನ್ನಿಸಿತು. "ನೋಡೂಣಂತ" ಎಂದು ಎದ್ದು ಬಂದೆ.

ಮರುವರ್ಷ ಬೇಸಿಗೆಯಲ್ಲಿ ಹೊಳೆವ್ವಳನ್ನು ಟ್ರ್ಯಾಕ್ಟರಿಗೆ ಕಟ್ಟಿ ಶೇಡಬಾಳಕ್ಕೆ ಎಳೆದೊಯ್ದೆ. ಅಲ್ಲಿ ಕುಡಚಿಯ ಜಾಫರಸಾಬ ಬೇವಿನ ಮರದ ಕೆಳಗೆ ಗ್ಯಾರೇಜು ಹಾಕಿದ್ದ. ಎಂಜಿನ್ ಬಿಚ್ಚುವ ಮೊದಲೇ ನಾನು ಸೀಟಿಗೆ ಹೊಸ ಕವರು ಹೊಲಿಸಿದೆ. "ಕೂಸು ಹುಟ್ಟೂಕಿನ ಮೊದಲ ಕುಲಾವಿ" ಎಂದು ಹೆಂಡತಿ ತಾರವ್ವ ಓಣಿಗೆಲ್ಲ ಕೇಳುವಂತೆ ನಕ್ಕಳು.

ಆ ಬೇಸಿಗೆ ನನಗೆ ಕನಸಿನ ಹಾಗೆಯೇ ನೆನಪಿದೆ. ಹೊಲದ ಕೆಲಸ ಮುಗಿಸಿ ಮಧ್ಯಾಹ್ನ ಗ್ಯಾರೇಜಿಗೆ ಹೋಗಿ ಬೇವಿನ ನೆರಳಲ್ಲಿ ಕೂರುವುದು. ಕಾರಿನ ಕೆಳಗಿನಿಂದ ಜಾಫರಸಾಬನ ಎರಡು ಪಾದ ಮಾತ್ರ ಕಾಣುತ್ತಿದ್ದವು. ಮಾತು ಪಾದಗಳಿಂದಲೇ ಬಂದಂತೆ ಕೇಳುತ್ತಿತ್ತು. ದೂರದಲ್ಲಿ ಮೀರಜಿನ ರೈಲು ಕೂಗುತ್ತಿತ್ತು. ಒಂದು ದಿನ ಅವನು ಹಳೆಯ ಸೈಲೆನ್ಸರನ್ನು ಬಿಚ್ಚಿ ಹೊರಗೆ ತಂದು ಬಿಸಿಲಿಗೆ ಎತ್ತಿ ಹಿಡಿದ. ತೂತುಗಳಿಂದ ಬೆಳಕು ಹಾಯ್ದು ಅವನ ಗಡ್ಡದ ಮೇಲೆಲ್ಲ ಚುಕ್ಕಿ ಬಿದ್ದವು.

"ಬಾಳಾಸಾಬ್ರ, ಇದು ಸೈಲೆನ್ಸರ್ ಅಲ್ರಿ. ಜರಡಿ ಐತಿ."

ಅಪ್ಪ ಸುತ್ತಿದ್ದ ತಗಡು ಹಪ್ಪಳದಂತೆ ಅವನ ಕೈಯಲ್ಲೇ ಮುರಿಯಿತು. ಅಷ್ಟು ಹಳೆಯ ಗಾಡಿಗೆ ಕಂಪನಿ ಸಾಮಾನು ಸಿಗುವ ಮಾತೇ ಇರಲಿಲ್ಲ. ಅಂಬಾಸಿಡರಿನ ಪೈಪು ತಂದು ಇದಕ್ಕೆ ಹೊಂದುವಂತೆ ಬಗ್ಗಿಸುವುದು, ಸೈಲೆನ್ಸರಿನ ಡಬ್ಬಿಯನ್ನು ಮೀರಜಿನ ಮರಾಠಿ ಮಿಸ್ತ್ರಿಯೊಬ್ಬನಿಗೆ ಹೇಳಿ ಮಾಡಿಸುವುದು ಎಂದಾಯಿತು. ಸಾಮಾನು ತರಲು ರೈಲಿನಲ್ಲಿ ಮೀರಜಿಗೆ ಹೋಗಿಬರುತ್ತಿದ್ದವನು ಜಾಫರಸಾಬನ ತಮ್ಮ ಶಮಶೇರ. ಅವನ ಭುಜ ಹಿಡಿದು ಹೇಳಿದೆ: "ಆ ಮಿಸ್ತ್ರಿಗ ತಿಳಿಸಿ ಹೇಳು. ಹೊಸಾದಿದ್ರೂ ಆವಾಜ ಹಳೇದ ಇರಬೇಕು. ಅಪ್ಪನ ಕಾಲದ ಆವಾಜ."

"ಹೇಳ್ತೀನ್ರಿ. ಚಿಂತಿ ಬಿಡ್ರಿ," ಎಂದು ಹೋದ.

ಪೈಪು ಬಗ್ಗಿಸುವುದನ್ನು ನೋಡಲೆಂದೇ ಒಂದು ದಿನ ಹೊಲ ಬಿಟ್ಟು ಕೂತೆ. ಖಾಲಿ ಪೈಪನ್ನು ಕಾಸಿ ಬಗ್ಗಿಸಿದರೆ ನಡುವೆ ಚಪ್ಪಟೆಯಾಗುತ್ತದೆಯಂತೆ. ಒಳಗೆ ಒಣ ಉಸುಕು ತುಂಬಬೇಕು. ನಾನು ಜುಗೂಳಿನಿಂದ ಹೊಳೆಯ ಉಸುಕು ಒಯ್ದಿದ್ದೆ. ಜಾಫರಸಾಬ ಅದನ್ನು ಹುರಿದು, ಪೈಪಿನೊಳಗೆ ಕುಟ್ಟಿ ಕುಟ್ಟಿ ತುಂಬಿ, ಎರಡೂ ಬಾಯಿಗೆ ಜಾಲಿ ಕಟ್ಟಿಗೆಯ ಬೆಣೆ ಹೊಡೆದ. ಕುಲುಮೆಯಲ್ಲಿ ಪೈಪು ಕೆಂಪಾಯಿತು. ಅವನು ಹಗುರಾಗಿ ತಳ್ಳಿದ. ಕಬ್ಬಿಣ ನಿದ್ದೆಯಲ್ಲಿ ಮಗ್ಗಲು ಬದಲಿಸಿದಂತೆ ಬಾಗಿತು. ಕಾರಿನ ಹಿಂದಿನ ಗಾಲಿಗಳ ಅಚ್ಚಿನ ಮೇಲೆ ಹಾಯಲು ಎಷ್ಟು ಬೇಕೋ ಅಷ್ಟೇ. ನನಗೆ ತೂಕಡಿಕೆ ಬಂತು. ಕೃಷ್ಣೆಯೇ ಪೈಪಿನೊಳಗೆ ಹರಿದು ಅಕ್ಕನ ಅಂಗಳಕ್ಕೆ ಹೋಗುತ್ತಿದ್ದಂತೆ ಕಂಡೆ. ಎಚ್ಚರಾದಾಗ ಅವನು ಚಹಾ ಲೋಟ ನನ್ನ ಮೂಗಿನ ಹತ್ತಿರ ಹಿಡಿದು ನಗುತ್ತಿದ್ದ.

ಇಂಥ ಕೆಲಸ ಹೇಳಿದ ಹೊತ್ತಿಗೆ ಎಲ್ಲಿ ಆಗುತ್ತದೆ? ಶ್ರಾವಣ ಬಂತು. ಶಮಶೇರ ಮೀರಜಿನಿಂದ ಗೋಣಿಚೀಲದಲ್ಲಿ ಸೈಲೆನ್ಸರ್ ತಂದಾಗ ಪಂಚಮಿಗೆ ಎರಡೇ ದಿನ ಉಳಿದಿತ್ತು. ಡಬ್ಬಿ ದಪ್ಪಗೆ, ಚೆಂದಗೆ ಹೊಳೆಯುತ್ತಿತ್ತು. ಜಾಫರಸಾಬ ಎಂಜಿನ್ನಿನ ಕಡೆ ಗ್ಯಾಸ್ಕೆಟ್ ಇಟ್ಟು ಪೈಪು ಬಿಗಿದ, ಕೂಡಿದಲ್ಲಿ ಕ್ಲ್ಯಾಂಪು ಹಾಕಿದ, ಟ್ರ್ಯಾಕ್ಟರಿನ ಟ್ಯೂಬು ಕತ್ತರಿಸಿ ಪಟ್ಟಿ ಮಾಡಿ ಡಬ್ಬಿಯನ್ನು ತೂಗುಹಾಕಿದ. ಹ್ಯಾಂಡಲ್ ತಿರುವಿದ. ಹಿಂದಿನ ಕೊಳವೆಯಿಂದ ಬುಸ್ಸೆಂದು ನಾಕು ಕಾಳು ಉಸುಕು ಹಾರಿತು. ಅಷ್ಟೇ.

"ಏಳಲಿಲ್ಲ," ಅಂದೆ.

"ಎದ್ದೈತ್ರಿ! ಕೈ ಇಟ್ಟ ನೋಡ್ರಿ."

ಬಾನೆಟ್ಟಿನ ಮೇಲೆ ಕೈ ಇಟ್ಟೆ. ನಡುಗುತ್ತಿತ್ತು. ಕಿವಿ ಹಚ್ಚಿದರೆ ಒಲೆಯ ಹತ್ತಿರ ಮಲಗಿದ ಬೆಕ್ಕಿನ ಸಪ್ಪಳ. ನನ್ನ ನೆತ್ತಿಗೆ ರಕ್ತ ಏರಿತು. "ಲೇ ಶಮಶೇರ! ನಾ ಏನ್ ಹೇಳಿದ್ದೆ? ನೀ ಏನ್ ಹೇಳಿದಿ?"

"ನೀವ ಹೇಳಿದ್ದ ಹೇಳೇನ್ರಿ! 'ಆವಾಜ ಹಳೇ ಪಾಹಿಜೆ' ಅಂತ ಎರಡ ಸಲ ಹೇಳೇನಿ."

ಜಾಫರಸಾಬ ಹಣೆ ಬಡಿದುಕೊಂಡು ನೆಲದ ಮೇಲೇ ಕೂತ. "ಅರೆ ಖುದಾ! ಮರಾಠ್ಯಾಗ ಹಳೇದಕ್ಕ ಜುನಾ ಅಂತಾರಲೇ! ನೀ ಹಳೇ ಅಂದಿ, ಅಂವ ಹಳೂ ಅಂತ ತಿಳದಾನ. ಹಳೂ ಅಂದ್ರ ಮೆತ್ತಗ, ಸಾವಕಾಶ! ಮೆತ್ತಗಿನ ಆವಾಜ ಬೇಕು ಅಂದಂಗಾತು!"

ಅರ್ಧ ಕನ್ನಡ, ಅರ್ಧ ಮರಾಠಿ ಕಲಸಿ ಉಣ್ಣುವ ನಮ್ಮಂಥವರಿಗೆ ಮಾತ್ರ ಆಗುವ ಎಡವಟ್ಟು ಇದು. ಆ ಪುಣ್ಯಾತ್ಮ ತನ್ನ ಜೀವಮಾನದಲ್ಲೇ ಎಲ್ಲಕ್ಕಿಂತ ಮೆತ್ತಗಿನ ಸೈಲೆನ್ಸರ್ ಮಾಡಿ ಕಳಿಸಿದ್ದ. ತೂತು ಹೊಡೆದುಬಿಡು ಅಂದೆ. ಜಾಫರಸಾಬ ತಲೆ ಅಲ್ಲಾಡಿಸಿದ. "ಹೊಡೀಬಹುದ್ರಿ. ಆವಾಜ ಬರ್ತೈತಿ. ನಿಮ್ಮಪ್ಪನ ಗಾಡಿ ಆವಾಜ ಬರೂದಿಲ್ಲ." ಅವನು ಹೇಳಿದ್ದು ಖರೆ. ಅಕ್ಕನ ಕಿವಿಗೆ ಸುಳ್ಳು ಹೇಳಲು ನನಗೂ ಮನಸ್ಸಾಗಲಿಲ್ಲ.

ಪಂಚಮಿಯ ಹಿಂದಿನ ದಿನ ಮಳೆ ಬಿಡುವು ಕೊಟ್ಟಿತ್ತು. ಹೊಳೆವ್ವಳನ್ನು ದಂಡೆಗೆ ಒಯ್ದು ನಿಲ್ಲಿಸಿದೆ. ಕೆಂಪು ನೀರು ನೊರೆ ಹೊತ್ತು ನಿಧಾನಕ್ಕೆ ಹೋಗುತ್ತಿತ್ತು. ಎಳೆ ಬಿಸಿಲಿನಲ್ಲಿ ಆಚೆ ದಂಡೆ ತುಸು ತೇಲಿದಂತೆ ಕಾಣುತ್ತಿತ್ತು. ಅಕ್ಕನ ಮನೆಯ ಹಂಚು, ಮುಚ್ಚಿದ ಬಾಗಿಲು. ಕೆಳಗೆ ನಾವೆಯ ಮಲಕಾರಿ ಹುಟ್ಟು ಹಿಡಿದು ಕೂತಿದ್ದ. ಆಕ್ಸಿಲರೇಟರ್ ಒತ್ತಿದೆ. ಹೊಳೆವ್ವ ಉಸಿರಾಡಿದಳು. ಇನ್ನೂ ಒತ್ತಿದೆ. ಪಕ್ಕದಲ್ಲಿ ಮೇಯುತ್ತಿದ್ದ ಎಮ್ಮೆ ಸಹ ತಲೆ ಎತ್ತಲಿಲ್ಲ. ಪೂರ್ತಿ ಒತ್ತಿದಾಗ ಎಂಜಿನ್ ಒಮ್ಮೆ ಬಿಕ್ಕಿ ನಿಂತೇಹೋಯಿತು.

ಇಳಿದು ಹ್ಯಾಂಡಲ್ ಹಾಕಿದೆ. ತಿರುವಿದೆ. ಏಳಲಿಲ್ಲ. ಮತ್ತೆ ತಿರುವಿದೆ. ಒಂದು ವರ್ಷದ ಸಿಟ್ಟು, ಭಯ, ಅಕ್ಕ ಒರಗಿದ್ದ ಆ ಗೋಡೆ, ಎಲ್ಲ ಬೈಗುಳವಾಗಿ ಹೊರಬಿತ್ತು.

"ಏಳ ಬೇ ಹೊಳೆವ್ವಾ! ಮೈಗಳ್ಳಿ! ಬಾಯಾಗ ಬೆಲ್ಲ ಇಟಗೊಂಡ ಕುಂತಿಯೇನ? ಮನಿಮಗಳು ಆಚಿ ದಂಡ್ಯಾಗ ಒಬ್ಬಾಕಿ ಕುಂತಾಳ! ಕರಿ ಅಕಿನ್ನ! ಕರಿ ಬೇ!"

ಬೈದೆ, ಮತ್ತೆ ಬೈದೆ, ದನಿ ಒಡೆಯುವವರೆಗೆ ಬೈದೆ. ಆಮೇಲೆ ಅಳು ಬಂತು. ಅಕ್ಕ ಇನ್ನು ಬರುವುದಿಲ್ಲ ಅನ್ನಿಸಿತು. ಬಂಪರಿಗೆ ಒರಗಿ ನೆಲದ ಮೇಲೆ ಕೂತು ಅತ್ತೆ.

ಎಷ್ಟು ಹೊತ್ತಾಯಿತೋ ಗೊತ್ತಿಲ್ಲ. ಮಲಕಾರಿ ಯಾವಾಗ ಆಚೆಗೆ ಹೋದನೋ ನೋಡಿರಲಿಲ್ಲ; ತಲೆ ಎತ್ತಿದಾಗ ಅವನ ನಾವೆ ಹೊಳೆಯ ನಡುವೆ ಈ ಕಡೆಗೆ ಬರುತ್ತಿತ್ತು. ಅದರಲ್ಲಿ ತಲೆಯ ಮೇಲೆ ಸೆರಗು ಹೊದ್ದ ಒಬ್ಬಳು, ತೊಡೆಯ ಮೇಲೊಂದು ಗಂಟು. ಮೊದಲು ಕನಸೇ ಅಂದುಕೊಂಡೆ. ನಾವೆ ದಂಡೆಗೆ ತಾಗಿ, ಅಕ್ಕ ಕೆಸರಿಗೆ ಕಾಲಿಟ್ಟು, ಜಾರದಂತೆ ನನ್ನ ಕೈ ಹಿಡಿದಾಗಲೇ ನಂಬಿದ್ದು.

"ಗಾಡಿ ಆವಾಜ ಕೇಳಿಸ್ತೇನಕ್ಕಾ?"

"ಗಾಡಿ ಆವಾಜ ಎಲ್ಲಿ ಬಂತೋ?" ಅಕ್ಕ ನನ್ನ ಮುಖವನ್ನು ತಿರುತಿರುಗಿ ನೋಡಿದಳು. "ಅಪ್ಪ ಬೈಯೂದ ಕೇಳಿಸ್ತು. ಥೇಟ ಅಪ್ಪ. ಬಾಗಲಾ ತಗದ ಬಂದಬಿಟ್ಟೆ."

ಹಳೆಯ ಸೈಲೆನ್ಸರ್ ಇದ್ದಿದ್ದರೆ ಆ ಗುಡುಗಿನಲ್ಲಿ ನನ್ನ ದನಿ ಎಲ್ಲಿ ಕೇಳುತ್ತಿತ್ತು!

ಮಲಕಾರಿ ಬಂದು ಹ್ಯಾಂಡಲ್ ತಿರುವಿದ. ಒಂದೇ ಸುತ್ತಿಗೆ ಎದ್ದಳು ಮಹಾತಾಯಿ. ಅಕ್ಕ ಹೊಸ ಕವರಿನ ಮೇಲೆ ಕೈ ಆಡಿಸಿ ನನ್ನ ಪಕ್ಕ ಕೂತಳು. ಕಬ್ಬಿನ ನಡುವಿನ ದಾರಿಯಲ್ಲಿ ಗಾಲಿಯ ಕೆಳಗೆ ಕಲ್ಲು ಉರುಳುವುದೂ ಕೇಳುತ್ತಿತ್ತು. ಅಕ್ಕ ತನ್ನಷ್ಟಕ್ಕೆ ಎಂಬಂತೆ ಮಾತು ತೆಗೆದಳು. ಭಾವ ಕಡೆಯ ದಿನ ಏನು ಕೇಳಿದ, ಏನು ಉಂಡ, ಅವಳ ಕೈ ಹೇಗೆ ಹಿಡಿದಿದ್ದ. ಯಾರಿಗೂ ಹೇಳಿರದ ಮಾತುಗಳು. ಆ ಗಾಡಿಯಲ್ಲಿ ನಾವಿಬ್ಬರೂ ಮಾತಾಡಿದ್ದು ಅದೇ ಮೊದಲು.

ದೂರದಲ್ಲಿ ಊರು ಕಂಡಿತು. ತಾರವ್ವನಿಗೆ ತೋರಿಸುವ ಆತುರಕ್ಕೆ ನಾನು ವೇಗ ಹೆಚ್ಚಿಸಿದೆ. ಅಕ್ಕ ನನ್ನ ತೋಳಿನ ಮೇಲೆ ಕೈ ಇಟ್ಟಳು.

"ಹಳೂ, ತಮ್ಮಾ. ಹಳೂ ಹೊಡಿ. ಮನಿ ಲಗೂನ ಬಂದಬಿಡ್ತೈತಿ."

ನಾನು ಆಕ್ಸಿಲರೇಟರಿನಿಂದ ಕಾಲು ತೆಗೆದೆ.