ನೀಲಗಂಗಮ್ಮನವರ ಬಾವಿಯ ಮೀನು

ಸುಮ್ಮನೆ ಕೂತು ನೋಡುವುದನ್ನು ಮಕ್ಕಳಿಗೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂದದ್ದೇ ಒಂದು ತಮಾಷೆ. ನಾನು ಹುಟ್ಟಿದಾಗಿನಿಂದ ಒಂದು ಕಡೆ ಕೂತವನಲ್ಲ. ಪಾಠ ಮಾಡುವಾಗಲೂ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ತಿರುಗುತ್ತಲೇ ಇರುತ್ತೇನೆ. ಕಂಪ್ಲಿಯ ಹುಡುಗರು ನನಗೆ ಗಿರಗಿಟ್ಲೆ ಮೇಷ್ಟ್ರು ಎಂದು ಹೆಸರಿಟ್ಟಿದ್ದರು. ಹೊಸಪೇಟೆಗೆ ವರ್ಗವಾದಾಗ ಆ ಹೆಸರು ನನಗಿಂತ ಮೊದಲೇ ಬಂಡಿ ಹತ್ತಿ ಬಂದಿತ್ತು. ನನ್ನ ಕಾಲಿಗೆ ಚಕ್ರವಿದೆ ಎನ್ನುವುದು ಹೆಂಡತಿ ಸೀತಾಬಾಯಿಯ ಮಾತು. ಇರಲಿ.

ಮದರಾಸಿನಿಂದ ಬಂದ ಪಠ್ಯಕ್ರಮದಲ್ಲಿ ಎರಡನೇ ಫಾರಮ್ಮಿಗೆ ಪ್ರಕೃತಿ ಪಾಠ ಎಂಬುದೊಂದಿತ್ತು. ಪುಸ್ತಕ ತೆರೆದರೆ ಯಾವುದೋ ಶೀಮೆಯ ಕೊಳ, ಯಾವುದೋ ಶೀಮೆಯ ಬಾತುಕೋಳಿ. ನನಗೆ ಪಿತ್ತ ನೆತ್ತಿಗೇರಿತು. ಕಾಲುವೆ, ಕಬ್ಬು, ಬಾಳೆತೋಟ ಎಲ್ಲ ಶಾಲೆಯ ಬೆನ್ನಿಗೇ ಇರುವಾಗ ಈ ಬಾತುಕೋಳಿಯನ್ನು ಉರುಹೊಡೆಯಬೇಕೇ? ಪುಸ್ತಕ ಮುಚ್ಚಿಸಿ ಮಕ್ಕಳನ್ನು ಹೊರಗೆ ಹೊರಡಿಸಿದೆ. ಒಬ್ಬೊಬ್ಬರೂ ಒಂದು ಗಿಡದ ಬುಡದಲ್ಲೋ ನೀರಿನ ದಂಡೆಯಲ್ಲೋ ಕೂರಬೇಕು, ಪಿಟ್ಟೆನ್ನಬಾರದು. ಹಕ್ಕಿಯ ಹೆಸರು ಏನೆಂದು ನನ್ನನ್ನು ಕೇಳಬಾರದು. ಅದು ಯಾರ ಹತ್ತಿರ ಬಂತು, ಯಾಕೆ ಬಂತು, ಯಾರನ್ನು ತಿಂದಿತು, ಯಾರಿಗೆ ಹೆದರಿ ಓಡಿತು, ಅಷ್ಟು ನೋಡಿಕೊಂಡು ಬಂದು ಹೇಳಬೇಕು. ಕಡೆಗೊಂದು ನಿಯಮ: ನೋಡಿದ್ದನ್ನು ಸಂಜೆ ಮನೆಯವರಿಗೂ ಹೇಳಬೇಕು. ಬಾಯಿಬಿಟ್ಟು ಹೇಳಿದರೇ ತಲೆಯಲ್ಲಿ ನಿಲ್ಲುವುದು ಎಂಬುದು ನನ್ನ ಸಿದ್ಧಾಂತ. ಆ ಸಿದ್ಧಾಂತ ನನ್ನನ್ನು ಎಲ್ಲಿಗೆ ತಂದು ನಿಲ್ಲಿಸಿತು ಎಂಬುದೇ ಈ ಕತೆ.

ತರಗತಿಯಲ್ಲಿ ಎಲ್ಲರಿಗಿಂತ ಚೆನ್ನಾಗಿ ಕೂರುತ್ತಿದ್ದವಳು ಪಂಪಮ್ಮ. ಎಕ್ಕದ ಗಿಡದ ಮೇಲೆ ಇರುವೆಗಳು ಹಳದಿ ಹೇನುಗಳನ್ನು ದನ ಕಾಯ್ದ ಹಾಗೆ ಕಾಯುತ್ತವೆ ಎಂದು ಮೊದಲು ಕಂಡವಳು ಅವಳೇ. ತಾಯಿಯಿಲ್ಲದ ಹುಡುಗಿ. ತಂದೆ ವಿರುಪಾಕ್ಷಪ್ಪ ಹಗಲೆಲ್ಲ ಅಕ್ಕಿ ಗಿರಣಿಯಲ್ಲಿ ಇರುತ್ತಿದ್ದರು. ಸಾಕಿದವರು ಅಜ್ಜಿ ನೀಲಗಂಗಮ್ಮ. ಅವರ ಮನೆ ನಮ್ಮ ಶಾಲೆಗೆ ಗೋಡೆಗೆ ಗೋಡೆ ಕೂಡಿಕೊಂಡಿತ್ತು. ಹಿತ್ತಲಲ್ಲಿ ಆಳವಾದ ಸೇದುವ ಬಾವಿ. ಆ ಓಣಿಯ ಹತ್ತಾರು ಮನೆಗಳಿಗೂ ಶಾಲೆಗೂ ಅದರದೇ ನೀರು. ನೀಲಗಂಗಮ್ಮ ದಿನವೂ ನೀರು ಸೇದಿ ಬಿಳಿ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದ ಹುಳುಹುಪ್ಪಟೆ ಸಾಯಬಾರದೆಂದು ಅದನ್ನು ಬಾವಿಯೊಳಕ್ಕೇ ಕೊಡವಿ, ಆಮೇಲೆ ಲಿಂಗಪೂಜೆಗೆ ನೀರು ಒಯ್ಯುತ್ತಿದ್ದರು. ಇರುವೆ ಕಂಡರೆ ಹೆಜ್ಜೆ ತಪ್ಪಿಸಿ ನಡೆಯುವ ಹೆಂಗಸು.

ಒಂದು ದಿನ ಅವರ ಕೊಡ ಹಗ್ಗ ಕಳಚಿ ಬಾವಿಗೆ ಬಿತ್ತು. ಕೊಡ ಎತ್ತುವ ಕೊಕ್ಕೆಗಳ ಪಾತಾಳಗರಡಿ ಇಳಿಬಿಡುವ ಮೊದಲು ಪಂಪಮ್ಮ ಗೋಡೆಯ ಕನ್ನಡಿ ತಂದು ಬಿಸಿಲನ್ನು ಹಿಡಿದು ಬಾವಿಯೊಳಕ್ಕೆ ತಿರುಗಿಸಿದಳು. ನಮ್ಮ ಕಡೆ ಬಿದ್ದ ಕೊಡ ಹುಡುಕುವ ರೀತಿಯೇ ಅದು. ನಾನು ಶಾಲೆಯ ಗೋಡೆಯಾಚೆಯಿಂದ ನೋಡಿದವನು ಒಂದೇ ಜಿಗಿತಕ್ಕೆ ಅಲ್ಲಿದ್ದೆ. ಕತ್ತಲ ಬಾವಿಯ ತಳದವರೆಗೆ ಬೆಳಕಿನ ಕೋಲು ಇಳಿದಿತ್ತು, ಅದರೊಳಗೆ ಬೆರಳುದ್ದದ ಮೀನುಗಳು ಓಡಾಡುತ್ತಿದ್ದವು.

ಮರುದಿನದಿಂದ ಪ್ರಕೃತಿ ಪಾಠ ಬಾವಿಕಟ್ಟೆಗೆ ಬಂತು. ಮಕ್ಕಳು ಸರದಿಯಲ್ಲಿ ಕನ್ನಡಿ ಹಿಡಿದರು. ಶಾಲೆಯ ಬಚ್ಚಲ ತೊಟ್ಟಿಯ ನೀರಿನಲ್ಲಿ ಸೊಳ್ಳೆಯ ಮರಿಹುಳುಗಳು ಕಿಕ್ಕಿರಿದಿದ್ದವು, ಬಾವಿಯಲ್ಲಿ ಒಂದೂ ಇರಲಿಲ್ಲ. ಯಾಕೆ ಎಂದು ಕೇಳಿದೆ. ಪಂಪಮ್ಮ ತೊಟ್ಟಿಯ ನೀರನ್ನು ಒಂದು ಚೊಂಬಿನಲ್ಲಿ ತಂದು ಬಾವಿಗೆ ಸುರಿದಳು, ಕನ್ನಡಿ ಹಿಡಿದಳು. ಮೀನುಗಳು ಸರ್ರನೆ ಮೇಲೆ ಬಂದು ಹುಳುಗಳನ್ನು ಮುಕ್ಕಿ ಹೋದವು. ಮಕ್ಕಳು ಹೋ ಎಂದು ಕೂಗಿದರು. ಕುಣಿಯಬೇಕೆನ್ನಿಸುವಷ್ಟು ಸಂತೋಷ ನನಗೂ ಆಯಿತು. ಚಳಿಜ್ವರ ಸೊಳ್ಳೆಯಿಂದ ಬರುತ್ತದೆ, ಈ ಓಣಿಗೆ ಜ್ವರ ಕಡಿಮೆ ಇರುವುದು ಈ ಮೀನುಗಳಿಂದಲೇ ಇರಬಹುದು ಎಂದು ಜಂಭದಿಂದ ಪಾಠ ಮುಗಿಸಿದೆ. ಸಂಜೆ ಪಂಪಮ್ಮ ನನ್ನ ನಿಯಮದಂತೆ ಮನೆಯಲ್ಲಿ ಎಲ್ಲವನ್ನೂ ಹೇಳಿದಳು.

ನೀಲಗಂಗಮ್ಮನವರಿಗೆ ತಮ್ಮ ಬಾವಿಯಲ್ಲಿ ಮೀನು ಇರುವುದೇ ಗೊತ್ತಿರಲಿಲ್ಲ. ಆಗಾಗ ಏನೋ ಮಿಂಚಿದ್ದನ್ನು ಬಿಸಿಲೆಂದುಕೊಂಡಿದ್ದರಂತೆ. ಮೀನಿದ್ದ ನೀರಿನಲ್ಲಿ ಇಷ್ಟು ಕಾಲ ಲಿಂಗಕ್ಕೆ ಮಜ್ಜನ ಮಾಡಿದೆನಲ್ಲ ಎಂದು ಆ ರಾತ್ರಿ ಅವರು ಊಟ ಬಿಟ್ಟರು. ಶಿವರಾತ್ರಿ ಹತ್ತಿರ ಬಂದಿತ್ತು. ಗಿರಣಿಯ ಆಳುಗಳು ಬಂದು ಬಾವಿಯ ನೀರನ್ನೆಲ್ಲ ಎತ್ತಿ ಚೆಲ್ಲಿದರು. ಮೀನುಗಳನ್ನು ಕೊಲ್ಲುವ ಮಾತೇ ಇರಲಿಲ್ಲ. ನೀಲಗಂಗಮ್ಮ ಅವುಗಳನ್ನು ನೀರು ತುಂಬಿದ ಕೊಡದಲ್ಲಿ ಹಾಕಿಸಿ, ತಾವೇ ಕಂಕುಳಲ್ಲಿ ಹೊತ್ತು ಬಸವಣ್ಣ ಕಾಲುವೆಗೆ ಒಯ್ದು, ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಬಿಟ್ಟು ಬಂದರು. ಓಣಿಯವರು ಇದು ದೊಡ್ಡ ಪುಣ್ಯದ ಕೆಲಸ ಎಂದು ಕೊಂಡಾಡಿದರು. ನಾನೊಬ್ಬ ಶಾಲೆಯ ಜಗಲಿಯಲ್ಲಿ ಹಲ್ಲು ಕಡಿಯುತ್ತ ಅತ್ತಿಂದಿತ್ತ ಓಡಾಡಿದೆ.

ಬಾವಿಗೆ ಹೊಸ ನೀರು ಬಂತು. ನಾವು ಕನ್ನಡಿ ಹಿಡಿಯುವುದನ್ನು ಬಿಡಲಿಲ್ಲ. ಯುಗಾದಿಯ ಹೊತ್ತಿಗೆ ನೀರಿನ ಮೇಲ್ಮೈಗೆ ಅಂಟಿಕೊಂಡ ಹಾಗೆ ಸಣ್ಣ ಕಡ್ಡಿಗಳು ಕಾಣತೊಡಗಿದವು, ಆಮೇಲೆ ಆ ಕಡ್ಡಿಗಳು ಅಲುಗಿದವು: ಸೊಳ್ಳೆಯ ಮರಿಹುಳುಗಳು. ಬೇವುಬೆಲ್ಲ ತಿಂದ ಬಾಯಲ್ಲಿ ನಾನು ನೀಲಗಂಗಮ್ಮನವರ ಪಡಸಾಲೆಗೆ ಹೋದೆ. ಹಿಂದಿನ ಪಾಠವನ್ನೆಲ್ಲ ಒಪ್ಪಿಸಿ, ನಾಲ್ಕು ಮೀನಾದರೂ ಬಾವಿಗೆ ಬಿಡಬೇಕೆಂದು ಬೇಡಿಕೊಂಡೆ. ಅವರು ನನ್ನನ್ನು ಕೂರಿಸಿ ಬೆಲ್ಲ ನೀರು ಕೊಟ್ಟರು, ಕೊನೆಯವರೆಗೂ ಕೇಳಿದರು.

"ಮೇಷ್ಟ್ರ, ಅದು ಲಿಂಗಕ್ಕ ಎರೆಯೋ ನೀರು," ಎಂದರು. "ಅಷ್ಟ ಅಲ್ಲ, ಆ ಮೀನ ಹುಳಾ ತಿಂತಾವಂತ ನೀವ ಹೇಳ್ತೀರಿ. ದಿನಾ ನನ್ನ ಬಾವ್ಯಾಗ ನಾನ ಕೊಲಿ ಮಾಡಸ್ಲೇನ್ರಿ?"

ನನಗೆ ಸಿಟ್ಟು ಬಂತು. ನಮ್ಮ ಮನೆಯಲ್ಲೂ ಮೀನಿನ ಹೆಸರೆತ್ತುವವರಿಲ್ಲ, ಆದರೂ ನಾನೇ ಹೇಳುತ್ತಿದ್ದೇನೆ, ಹುಳದ ಜೀವ ಉಳಿಸಲು ಹೋಗಿ ಮಕ್ಕಳ ಜೀವಕ್ಕೆ ಕುತ್ತು ತರುತ್ತೀರಿ ಎಂದುಬಿಟ್ಟೆ. ಅವರು ನಾನು ಕುಡಿದಿಟ್ಟ ಲೋಟ ಎತ್ತಿಕೊಂಡು ಒಳಗೆ ಹೋದರು. ಬಾಗಿಲ ಹತ್ತಿರ ನಿಂತಿದ್ದ ಪಂಪಮ್ಮ ನೆಲ ನೋಡುತ್ತಿದ್ದಳು.

ಆಮೇಲಿನ ದಿನಗಳು ನನಗೆ ಮುಳ್ಳಿನ ಮೇಲೆ ಕೂತ ಹಾಗಾದವು. ಸಂಡೂರಿನ ಗುಡ್ಡದ ಕಡೆಯಿಂದ ಬಿಸಿಗಾಳಿ ಬೀಸುತ್ತಿತ್ತು; ಸಂಜೆಯಾದರೆ ಓಣಿಯಲ್ಲಿ ಸೊಳ್ಳೆಗಳ ಗುಂಯ್‌ಗುಟ್ಟುವಿಕೆ. ರಾತ್ರಿ ಎದ್ದು ಮನೆಯ ತೊಟ್ಟಿ, ಗಡಿಗೆಗಳನ್ನೆಲ್ಲ ಮುಚ್ಚಿ ಬಂದು ಮಲಗಿ, ಮತ್ತೆ ಏಳುತ್ತಿದ್ದೆ. ಕಂಪ್ಲಿಯ ಬೆಸ್ತರಿಂದ ಮೀನು ತರಿಸಿ ಯಾರಿಗೂ ತಿಳಿಯದ ಹಾಗೆ ಬಾವಿಗೆ ಬಿಟ್ಟರೆ ಹೇಗೆ ಎಂದು ಯೋಚಿಸಿದೆ. ಅಷ್ಟು ನಂಬಿಕೆಯಿಂದ ಪೂಜೆ ಮಾಡುವವರ ನೀರಿಗೆ ಕದ್ದು ಕೈ ಹಾಕಲು ಮನಸ್ಸು ಬರಲಿಲ್ಲ. ಕಣ್ಣಿಗೆ ಕಾಣುತ್ತಿರುವುದನ್ನು ತಡೆಯಲು ಆಗುತ್ತಿಲ್ಲ. ನೋಡುವುದನ್ನು ಕಲಿಸಿದವನಿಗೆ ಇದಕ್ಕಿಂತ ಸಂಕಟ ಇನ್ನೇನಿದೆ?

ಮೊದಲು ಜ್ವರ ಬಂದದ್ದು ಮೂಲೆಮನೆಯ ಕೂಸಿಗೆ. ಎರಡನೆಯದು ನಮ್ಮ ತರಗತಿಯ ಮರಿಸ್ವಾಮಿಗೆ. ಆಮೇಲೆ ಒಂದು ಬೆಳಿಗ್ಗೆ ಪಂಪಮ್ಮನ ಜಾಗ ಖಾಲಿ ಇತ್ತು.

ಓಡಿಹೋಗಿ ನೋಡಿದೆ. ಆ ಸುಡುಬಿಸಿಲಿನಲ್ಲಿ ಮನೆಯ ಕಂಬಳಿಗಳನ್ನೆಲ್ಲ ಹೊದೆಸಿದ್ದರೂ ಹುಡುಗಿ ಗಡಗಡ ನಡುಗುತ್ತಿದ್ದಳು. ಚಳಿಜ್ವರದ ಮದ್ದು ಕ್ವಿನೈನನ್ನು ಆಗ ಅಂಚೆ ಕಚೇರಿಯಲ್ಲೇ ಮಾರುತ್ತಿದ್ದರು; ನಾನು ಹೋಗಿ ಅದರ ಪೊಟ್ಟಣಗಳನ್ನು ತಂದುಕೊಟ್ಟೆ. ಡಾಕ್ಟರು ಬಂದು ಹೋದರು. ಜ್ವರ ಇಳಿಯುತ್ತಿತ್ತು, ಒಂದು ದಿನ ಬಿಟ್ಟು ಮತ್ತೆ ಏರುತ್ತಿತ್ತು. ಏರಿದಾಗ ಹುಡುಗಿ ಬಡಬಡಿಸುತ್ತ, ಇವತ್ತು ಕನ್ನಡಿ ಹಿಡಿದವರು ಯಾರು ಎಂದು ಕೇಳುತ್ತಿದ್ದಳು. ನೀಲಗಂಗಮ್ಮ ಅವಳ ಕಾಲು ತಿಕ್ಕುತ್ತ ಕೂತಿರುತ್ತಿದ್ದರು. ನನ್ನನ್ನು ಕಂಡರೆ ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಿದ್ದರು. ನೋಡಿದಿರಾ, ನಾನು ಹೇಳಿರಲಿಲ್ಲವೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆ ಮಗುವಿನ ಮುಖ ನೋಡಿ ಅದನ್ನು ನುಂಗಿದೆ.

ಒಂದು ಮಧ್ಯಾಹ್ನ, ಜ್ವರ ಬಿಟ್ಟಿದ್ದ ದಿನ, ನೀಲಗಂಗಮ್ಮ ತಾವೇ ಶಾಲೆಯ ಬಾಗಿಲಿಗೆ ಬಂದರು. ಹಿಂದೆಂದೂ ಬಂದವರಲ್ಲ. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಅದೇ ಹಿತ್ತಾಳೆ ಕೊಡ.

"ಆ ಮೀನ ಹೊಳ್ಳಿ ತರೋಣು ನಡ್ರಿ, ಮೇಷ್ಟ್ರ."

ನಾನು ಬೆಸ್ತರವನೊಬ್ಬನನ್ನು ಬಲೆಯ ಸಮೇತ ಕರೆಸುತ್ತೇನೆ ಎಂದೆ. ಅವರು ತಲೆಯಾಡಿಸಿದರು.

"ಬಲಿ ಬ್ಯಾಡ್ರಿ. ಅವು ನನ್ನ ಕೈಗೆ ಬರ್ತಾವು."

ದಾರಿಯಲ್ಲಿ ನಡೆಯುತ್ತ ತಿಳಿಯಿತು. ಮೀನುಗಳನ್ನು ಬಿಟ್ಟ ದಿನದಿಂದ ಅವರು ಪ್ರತಿ ಸಂಜೆ ಕಾಲುವೆಯ ಮೆಟ್ಟಿಲಿಗೆ ಹೋಗಿ ಒಂದು ಹಿಡಿ ಮಂಡಕ್ಕಿ ಹಾಕಿ ಬರುತ್ತಿದ್ದರು. ಹುಟ್ಟಿದ ಮನೆಯಿಂದ ಹೊರಗೆ ಹಾಕಿದೆನಲ್ಲ ಎಂಬ ಕನಿಕರ. ಮೊಮ್ಮಗಳಿಗೆ ಜ್ವರ ಏರಿದ ದಿನಗಳಲ್ಲೂ ತಪ್ಪಿಸಿರಲಿಲ್ಲ. ಆ ಮಂಡಕ್ಕಿಗೆ ಕಾಲುವೆಯ ಮೀನುಗಳೂ ಸೇರಿರಬೇಕು. ಯಾವುದು ಬಾವಿಯದು, ಯಾವುದು ಕಾಲುವೆಯದು ಎಂದು ಹೇಳುವುದು ನನ್ನಿಂದಂತೂ ಆಗದು. ಅವರಿಗೆ ಮಾತ್ರ ಎಲ್ಲವೂ ತಮ್ಮವೇ.

ಮೀನು ಹಿಡಿಯುವುದು ನನಗೂ ಗೊತ್ತಿಲ್ಲ, ಜೊತೆಗೆ ಬಂದ ಮಕ್ಕಳಿಗೂ ಗೊತ್ತಿಲ್ಲ. ನಾನು ಶಲ್ಯ ಬಿಚ್ಚಿ, ಕಚ್ಚೆ ಎತ್ತಿ ಕಟ್ಟಿ ಸೊಂಟದವರೆಗೆ ನೀರಿಗೆ ಇಳಿದೆ. ಶಲ್ಯದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಕೊಟ್ರಯ್ಯ ಎಂಬ ಹುಡುಗನ ಕೈಯಲ್ಲಿ. ದಂಡೆಯ ಮೇಲೆ ಹೋಗುತ್ತಿದ್ದ ನಮ್ಮ ಮಠದ ಆಚಾರ್ಯರೊಬ್ಬರು ನಿಂತು ನೋಡಿ, ಕಣ್ಣು ತಿಕ್ಕಿಕೊಂಡು, ಏನೂ ಕೇಳದೆ ಮುಂದೆ ಹೋದರು.

"ಅಲುಗಬ್ಯಾಡ್ರಿ," ಎಂದರು ನೀಲಗಂಗಮ್ಮ.

ಗಿರಗಿಟ್ಲೆ ಮೇಷ್ಟ್ರಿಗೆ ಅಲುಗಬೇಡಿ ಎಂದರೆ! ಕಾಲುಬೆರಳುಗಳನ್ನು ಏನೋ ಕಚ್ಚುತ್ತಿತ್ತು, ಬೆನ್ನಿನ ಮೇಲೆ ಸೊಳ್ಳೆ ಕೂತಿತ್ತು, ಮೈಯ ಒಂದೊಂದು ನರವೂ ಎದ್ದು ಓಡು ಎನ್ನುತ್ತಿತ್ತು. ಮಕ್ಕಳಿಗೆ ನಾನು ಹೇಳುತ್ತಿದ್ದ ಕೆಲಸ ಎಷ್ಟು ಕಷ್ಟದ್ದೆಂದು ಅಂದು ತಿಳಿಯಿತು. ಹಲ್ಲು ಕಚ್ಚಿ ನಿಂತೆ.

ಅವರು ಮಂಡಕ್ಕಿಯ ಮೊದಲ ಹಿಡಿ ಹಾಕಿದರು. ನೀರು ಸುಕ್ಕುಗಟ್ಟಿತು. ದೂರದಿಂದ, ದಡದ ಜೊಂಡಿನ ಕೆಳಗಿನಿಂದ, ಮೀನುಗಳು ಅವರ ಬಳೆಯ ಸದ್ದಿಗೇ ಎಂಬಂತೆ ಬಂದವು. ಎರಡನೆಯ ಹಿಡಿಯನ್ನು ಶಲ್ಯದ ಮೇಲೆಯೇ ಹಾಕಿದರು. ಗುಂಪು ಒಳಗೆ ಬಂತು. ಅವರು ಮುಖ ಆಚೆಗೆ ತಿರುಗಿಸಿ, "ಎತ್ರಿ" ಎಂದರು. ನಾವು ಎತ್ತಿದೆವು. ಕೊಡದ ಬಾಯಿಗೆ ಸೆರಗು ಮುಚ್ಚಿಕೊಂಡು ದಾರಿಯುದ್ದಕ್ಕೂ ಹೊತ್ತು ತಂದವರು ಅವರು. ಹಿತ್ತಲಿಗೆ ಬಂದು ಕೊಡವನ್ನು ಹಗ್ಗಕ್ಕೆ ಕಟ್ಟಿ, ಮೆಲ್ಲಗೆ ಬಾವಿಗೆ ಇಳಿಸಿ, ನೀರಿನಲ್ಲಿ ಓರೆಯಾಗಿಸಿದವರೂ ಅವರೇ.

ಮರುದಿನ ಬೆಳಿಗ್ಗೆ ಬಿಸಿಲು ಗೋಡೆ ದಾಟುವ ಮೊದಲೇ ನಾನು ಅಲ್ಲಿದ್ದೆ. ಪಂಪಮ್ಮನನ್ನು ಕಂಬಳಿಯಲ್ಲಿ ಸುತ್ತಿ ಹಿತ್ತಲ ಬಾಗಿಲಲ್ಲಿ ಕೂರಿಸಿದ್ದರು. ಮುಖ ಬಿಳಿಚಿಕೊಂಡಿತ್ತು, ಕಣ್ಣುಗಳು ಮಾತ್ರ ನನ್ನ ಕೈಯಲ್ಲಿದ್ದ ಕನ್ನಡಿಯ ಮೇಲೆಯೇ ಇದ್ದವು. ನೀಲಗಂಗಮ್ಮ ಮನೆಯವರಿಗಾಗಿ ನೀರು ಸೇದಿದರು, ಬಟ್ಟೆಯಲ್ಲಿ ಸೋಸಿದರು. ಬಿಳಿ ಬಟ್ಟೆಯ ಮೇಲೆ ಹುಳುಗಳು ಮಿಸುಕುತ್ತಿದ್ದವು. ಎಂದಿನಂತೆ ಬಟ್ಟೆ ಹಿಡಿದು ಬಾವಿಯ ಕಡೆ ತಿರುಗಿದವರು ಹಾಗೆಯೇ ನಿಂತುಬಿಟ್ಟರು.

ಇಷ್ಟು ವರ್ಷ ಆ ಬಟ್ಟೆ ಕೊಡವಿದ್ದು ಹುಳುಗಳು ಬದುಕಲಿ ಎಂದು. ಇವತ್ತು ಕೊಡವಿದರೆ ಏನಾಗುತ್ತದೆಂದು ನಮ್ಮೆಲ್ಲರಷ್ಟೇ ಅವರಿಗೂ ಗೊತ್ತಿತ್ತು. ನಾನು ಬಟ್ಟೆ ಇಸಿದುಕೊಳ್ಳಲು ಕೈ ಚಾಚಿದೆ, ಆ ಪಾಪ ನನಗಿರಲಿ ಎಂದೆ. ಅವರು ಕೊಡಲಿಲ್ಲ.

"ನಿಮ್ಮ ಕನ್ನಡಿ ಹಿಡೀರಿ," ಎಂದರು.

ನಾನು ಹಿಡಿದೆ. ಬೆಳಕು ನೀರಿನ ಮೇಲೆ ಬಿತ್ತು. ಅವರು ಬಾವಿಯೊಳಕ್ಕೆ ಬಗ್ಗಿ, ಕಣ್ಣು ಮುಚ್ಚದೆ, ಬಟ್ಟೆಯನ್ನು ಕೊಡವಿದರು. ಮೀನುಗಳು ಬಂದವು. ಕೊನೆಯ ಹುಳು ಹೋಗುವ ತನಕ ಅವರು ನೋಡಿದರು. ನನ್ನ ಯಾವ ವಿದ್ಯಾರ್ಥಿಯೂ ಹಾಗೆ ನೋಡಿದ್ದನ್ನು ನಾನು ಕಂಡಿಲ್ಲ. ನಾನು ಕನ್ನಡಿ ಇಳಿಸಿದೆ.

ಬಟ್ಟೆಯನ್ನು ಹಿಂಡಿ ಹಗ್ಗದ ಮೇಲೆ ಹರವಿ, ಮೊಮ್ಮಗಳ ಹಣೆ ಮುಟ್ಟಿ ನೋಡಿದರು. ತಣ್ಣಗಿತ್ತು. ಆಮೇಲೆ ಖಾಲಿ ಕೊಡ ಎತ್ತಿಕೊಂಡು ಹಿತ್ತಲ ಬಾಗಿಲು ದಾಟಿದರು. ಆ ಬಾವಿಯ ನೀರು ಇನ್ನು ಅವರ ಲಿಂಗಕ್ಕೂ ಆಗದು, ಅವರ ಗಂಟಲಿಗೂ ಆಗದು ಎಂದು ಕೇಳದೆಯೇ ತಿಳಿಯಿತು. ಹರಿಯುವ ನೀರಿಗೆ ಮಾತ್ರ ದೋಷವಿಲ್ಲ, ಮೀನಿದ್ದರೂ; ಅವರಿಗೆ ಬೇಕಾದ ನೀರನ್ನು ಅವರು ಕಾಲುವೆಯಿಂದ ತಂದುಕೊಳ್ಳಬೇಕು, ದಿನವೂ.

ಹುಡುಗರಿಂದ ತರಿಸುತ್ತೇನೆ, ಇಷ್ಟು ದೂರ ಹೊರಬೇಡಿ ಎಂದು ಹಿಂದಿನಿಂದ ಹೇಳಿದೆ.

ಅವರು ತಿರುಗಲಿಲ್ಲ. "ಮಂಡಕ್ಕಿ ಹಾಕಾಕ ಹೋಗೋದು ಇದ್ದ ಐತಿ," ಎಂದರು. "ಉಳದಾವು ನನ್ನ ದಾರಿ ನೋಡ್ತಿರ್ತಾವು."