ಜಿಲ್ಲೆಗೆ ಸೇರದ ಊರು

"ಲೋ ಬೋಳಿಮಗನೆ, ಕಸ್ಟಮರ್ಸ್ ಇರೋ ಟೈಮಲ್ಲಿ ಆ ಬಾಗಿಲ ಹತ್ರ ಸುಳೀಬೇಡ ಅಂತ ಎಷ್ಟು ಸಲ ಹೇಳ್ಬೇಕು ನಿಂಗೆ?"

ಬೈಸಿಕೊಂಡವನು ಬಾಳಪ್ಪ. ಬೈದವನು ಇಂದ್ರೇಶ್, ಪರದೇಶದ ಈ ಹ್ಯಾರಿಸ್ ಪಾರ್ಕಿನ ನಮ್ಮ ಹೋಟೆಲಿನ ಧಣಿ. ನಾನು ದೋಸೆ ಹುಯ್ಯುವ ವಿರೂಪಾಕ್ಷ. ಕಾವಲಿಯ ಮುಂದೆ ಕಿವುಡನಂತಿರುವುದೂ ನನ್ನ ಕೆಲಸವೇ.

ಇಂದ್ರೇಶ್ ಡಾಕ್ಟರಾಗಲು ರಷ್ಯಾಕ್ಕೆ ಹೋಗಿ, ಫೇಲಾಗಿ, ಅಲ್ಲಿನ ಒಂದು ಹಳ್ಳಿಗಾಡು ಜಿಲ್ಲೆಯಲ್ಲಿ ಆಲೂಗಡ್ಡೆ ಅಗೆದು ಬಂದವನು. ಅಗೆದದ್ದನ್ನು ಹೇಳುವುದಿಲ್ಲ, ಜಿಲ್ಲೆಯನ್ನು ಮಾತ್ರ ಬಿಡುವುದಿಲ್ಲ. ಅದರ ನಕ್ಷೆ ಅಡುಗೆಮನೆಯ ಗೋಡೆಯಲ್ಲಿ, ದೇವರ ಪಟದ ಪಕ್ಕದಲ್ಲೇ ಇತ್ತು. ಉತ್ತರಕ್ಕೆ ಕಾಡು, ಜೌಗು. ದಕ್ಷಿಣಕ್ಕೆ ಹೊಲ. ನಡುವೆ ಹೊಳೆ, ಚಳಿಗಾಲದಲ್ಲಿ ಅದರ ಮೇಲೆ ಲಾರಿ ಓಡುತ್ತದಂತೆ. ಹಳ್ಳಿಗಳನ್ನು ಸೇರಿಸಿ ಪಂಚಾಯಿತಿಯಂಥವು, ಎಲ್ಲದರ ಮೇಲೆ ಜಿಲ್ಲಾಡಳಿತದ ಮುಖ್ಯಸ್ಥ. ಅಡುಗೆಮನೆಯನ್ನೂ ಇಂದ್ರೇಶ್ ಹಾಗೆಯೇ ಹಂಚಿದ್ದ. ನನ್ನ ಕಾವಲಿ ಒಂದು ಪಂಚಾಯಿತಿ, ತರಕಾರಿ ಮೂಲೆ ಇನ್ನೊಂದು. ಮುಖ್ಯಸ್ಥ ಯಾರೆಂದು ಅವನ ಹೊಟ್ಟೆ ನೋಡಿದರೇ ಗೊತ್ತಾಗುತ್ತಿತ್ತು.

ಬಾಳಪ್ಪ ರಾಯಚೂರು ಕಡೆಯವನು. ಕೆಲಸಕ್ಕೆ ಸೇರಿಸುವಾಗಲೇ ಇಂದ್ರೇಶ್ ಊರು, ಓಣಿ ಎಲ್ಲ ಕೆದಕಿ ಜಾತಿ ತಿಳಿದುಕೊಂಡಿದ್ದ. ನಡುವಿನ ಮೇಜಿನಲ್ಲಿ ಹಿಟ್ಟು ನಾದುವುದು, ಹೂರಣ ರುಬ್ಬುವುದು, ಹೋಳಿಗೆ ಬೇಯಿಸುವುದು ಬಾಳಪ್ಪನೇ. ನಾದುವ ಕೈಗೆ ಮೈಲಿಗೆಯಿರಲಿಲ್ಲ, ಕಾಣುವ ಮುಖಕ್ಕಿತ್ತು.

ತನ್ನದು ಯಾವ ಪಂಚಾಯಿತಿ ಎಂದು ಬಾಳಪ್ಪ ಒಮ್ಮೆ ಕೇಳಿಬಿಟ್ಟ. ಇಂದ್ರೇಶ್ ನಕ್ಷೆಯ ನಡುವಿನ ಊರಿಗೆ ಬೆರಳಿಟ್ಟ. ಜಿಲ್ಲೆಯ ಆಫೀಸುಗಳೆಲ್ಲ ಇರುವುದು ಇಲ್ಲಿಯೇ, ಆದರೂ ಈ ಊರು ಮಾತ್ರ ಜಿಲ್ಲೆಗೆ ಸೇರಿಲ್ಲ, ನೀನೂ ಹಾಗೇ ಎಂದು ಹಲ್ಲು ಕಿಸಿದ.

ಅವನು ಅತ್ತ ಹೋದ ಮೇಲೆ ಬಾಳಪ್ಪ ಹೇಳಿದ, "ನಮ್ಮೂರಾಗ ಊರ ಹೊರಗ ಇಟ್ಟಿದ್ರು. ಈ ಹಾಟ್ಯಾ ನಡುವ ನಿಂದರಿಸಿ ಹೊರಗಿನಾಂವ ಅಂತಾನ."

ನನಗೆ ನಗುವೂ ಬಂತು, ಸಿಟ್ಟೂ ಬಂತು. ಬಾಳಪ್ಪನ ವೀಸಾಕ್ಕೆ ಸ್ಪಾನ್ಸರ್ ಇಂದ್ರೇಶನೇ. ಕೆಲಸ ಹೋದರೆ ದೇಶವೂ ಹೋದಂತೆ.

ಆ ಭಾನುವಾರ ಬ್ಲ್ಯಾಕ್‌ಟೌನಿನ ಪುರೋಹಿತ ಶ್ರೀಕಂಠಯ್ಯನವರ ಅರವತ್ತರ ಶಾಂತಿಯ ಊಟ ನಮ್ಮಲ್ಲಿತ್ತು. ಹೋಳಿಗೆ ಉಡುಪಿ ಭಟ್ಟರು ಮಡಿಯಲ್ಲಿ ಮಾಡಿದ್ದು ಎಂದು ಇಂದ್ರೇಶ್ ಬುರುಡೆ ಬಿಟ್ಟಿದ್ದ. ನಾಲ್ಕು ಇಳಿಸಿದ ಮೇಲೆ ಪುರೋಹಿತರಿಗೆ ಆ ಭಟ್ಟರಿಗೆ ಶಾಲು ಹೊದಿಸುವ ಮನಸ್ಸಾಯಿತು.

ಇಂದ್ರೇಶ್ ಒಳಗೆ ಓಡಿಬಂದು ನನ್ನ ಅಂಗಿ ಬಿಚ್ಚಿಸಿದ. ಪೊಟ್ಟಣ ಕಟ್ಟುವ ದಾರವನ್ನು ಜನಿವಾರದಂತೆ ಹೆಗಲಿಗೆ ಏರಿಸಿ ಹೊರಗೆ ತಳ್ಳಿದ. ನಾನು ಹೋದೆ, ನಾಚಿಕೆಗೆಟ್ಟು ಹೋದೆ. ಎಲೆ ಬಿಟ್ಟು ಏಳಲು ಮನಸ್ಸಿಲ್ಲದ ಶ್ರೀಕಂಠಯ್ಯನವರು ಐದನೆಯದನ್ನು ಬಾಯಿಗೆ ತುಂಬಿಕೊಂಡು ಎಡಗೈಯಲ್ಲೇ ಶಾಲು ಎತ್ತಿದರು.

ಅಡುಗೆಮನೆಯ ಬಾಗಿಲು ತೆರೆಯಿತು.

"ಅಂವ ದೋಸಿ ಹುಯ್ಯಾಂವ್ರಿ," ಅಂದ ಬಾಳಪ್ಪ. "ಹೋಳಿಗಿ ಮಾಡಿದಾಂವ ನಾನು. ಮಾದರ ಬಾಳಪ್ಪ."

ಇಂದ್ರೇಶ್ ಹಲ್ಲು ಕಚ್ಚಿ ವೀಸಾ ನೆನಪಿಸಿದ.

"ನಿನ್ನ ವೀಸಾ ನಿನ್ನ ಮುಕಳ್ಯಾಗ ತುರುಕ್ಕೋ."

ನಾನು ದಾರ ಕಿತ್ತು ನೆಲಕ್ಕೆ ಒಗೆದೆ. ಶ್ರೀಕಂಠಯ್ಯನವರು ಉಗುಳುವಂತಿಲ್ಲ, ನುಂಗುವಂತಿಲ್ಲ. ತುಪ್ಪ ಗದ್ದಕ್ಕೆ ಇಳಿಯುತ್ತಿತ್ತು. ಬಾಳಪ್ಪ ಹಿಟ್ಟು ಮೆತ್ತಿದ ಎರಡೂ ಕೈ ಚಾಚಿ, ಶಾಲಿಗಾಗಿ ಕಾಯುತ್ತ ನಿಂತ.