ಒಂಬತ್ತನೇ ಫಾರಂ

ಪುಸ್ತಕದ ಕಪಾಟು ಬಾಗಿಲಿಗೆ ಅಡ್ಡ ನಿಂತಿತ್ತು. ಅದನ್ನು ಸರಿಸದೆ ಹೆಣ ಹೊರಗೆ ಬರುವಂತಿರಲಿಲ್ಲ. ಬೈಂಡರ್ ಮೇಲಿನ ಸಾಲಿನ ಪುಸ್ತಕಗಳನ್ನು ಎದೆಗವುಚಿಕೊಂಡು ಒಳಕೋಣೆಗೆ ಸಾಗಿಸುತ್ತಿದ್ದ. ಕೆಳಗಿನ ಸಾಲನ್ನು ಹೊತ್ತು ಪ್ರೆಸ್ಸಿನ ಮಷಿನ್‌ಮ್ಯಾನ್ ಹಿಂದೆ ಬಂದ.

"ಬದುಕಿದ್ದಾಗ್ಲೂ ಈ ಮನುಷ್ಯ ಪುಸ್ತಕ ದಾಟಿ ಹೊರಗೆ ಬಂದೋರಲ್ಲ. ಈಗ್ಲೂ ನಾವೇ ದಾರಿ ಬಿಡಿಸ್ಬೇಕು ನೋಡು," ಎಂದ.

ಬೈಂಡರ್ ನಗಲಿಲ್ಲ. ಅವನ ಕೈಯಲ್ಲಿದ್ದವೆಲ್ಲ ಅವನೇ ಹೊಲಿದು, ಅಂಟು ಹಾಕಿ, ಅಂಚು ಕತ್ತರಿಸಿದ ಪುಸ್ತಕಗಳು. ಎಲ್ಲದರ ಮುಖದ ಮೇಲೂ ಒಬ್ಬನೇ ಮುದುಕ: ಕಾವಲಜ್ಜ. ಏಳುನೂರು ವರ್ಷ ಹಿಂದಿನ ಒಂದು ಕೋಟೆ, ಅದರ ಹೆಬ್ಬಾಗಿಲು ಕಾಯುತ್ತಿದ್ದು ಕೆಲಸ ಬಿಟ್ಟವನು. ಮಂಡಿನೋವು, ಒಂದು ಕಣ್ಣಿಗೆ ಪೊರೆ. ಕೋಟೆಯೊಳಗೆ ಕೊಲೆಯಾದಾಗಲೆಲ್ಲ ರಾಜ ಅವನಿಗೆ ಹೇಳಿಕಳಿಸುತ್ತಿದ್ದ. ವರ್ಷಕ್ಕೊಂದು ಪುಸ್ತಕ, ಪುಸ್ತಕಕ್ಕೊಂದು ಕೊಲೆ. ಪ್ರತಿ ಪುಸ್ತಕದಲ್ಲೂ ಅಜ್ಜನಿಗೆ ಒಂದು ವರ್ಷ ಹೆಚ್ಚು ವಯಸ್ಸಾಗುತ್ತಿತ್ತು. ಏಳಕ್ಕೆ ನಿಂತುಹೋಯಿತು.

ಬರೆದವರು ಈಗ ನಡುಮನೆಯಲ್ಲಿ ಬಿಳಿ ಬಟ್ಟೆಯ ಕೆಳಗೆ ಮಲಗಿದ್ದರು. ಎಲ್ಲರೂ ಅವರನ್ನು ಗುಮಾಸ್ತರು ಎನ್ನುತ್ತಿದ್ದರು. ಮೂವತ್ತೊಂದು ವರ್ಷ ಜನನ ಮರಣ ನೋಂದಣಿಯ ಕಿಟಕಿಯ ಹಿಂದೆ ಕೂತವರು. ಹಗಲೆಲ್ಲ ಊರಿನವರ ಸಾವಿಗೆ ಕಾರಣ ಬರೆದು, ಸಂಜೆ ಮನೆಗೆ ಬಂದು ಕೋಟೆಯ ಸಾವುಗಳಿಗೆ ಕಾರಣ ಹುಡುಕುತ್ತಿದ್ದರು. ಈ ಬೆಳಿಗ್ಗೆ ಅದೇ ಕಿಟಕಿಯಲ್ಲಿ ಅವರ ಹೆಸರಿನ ಮುಂದೆ 'ವಯೋಸಹಜ' ಎಂದು ಯಾರೋ ಬರೆದುಕೊಟ್ಟಿದ್ದರು.

ಅಂಗಳದಲ್ಲಿ ಹದಿನೈದು ಇಪ್ಪತ್ತು ಕುರ್ಚಿ. ಗಾಡಿ ಇನ್ನೂ ಬಂದಿರಲಿಲ್ಲ. ಪ್ರೆಸ್ಸಿನ ಧಣಿ ನಡುವೆ ಕಾಲು ಚಾಚಿ ಕೂತು ಗುಮಾಸ್ತರ ಗುಣಗಾನ ಮಾಡುತ್ತಿದ್ದರು. ಆರು ಪುಸ್ತಕದವರೆಗೆ ಅವರ ತಲೆ ಕತ್ತಿಯ ಹಾಗಿತ್ತಂತೆ. ಏಳನೆಯದರಲ್ಲಿ ಕೈಕೊಟ್ಟಿತಂತೆ. ಗೊತ್ತಿಲ್ಲದವರೊಬ್ಬರು ಏನಾಯಿತು ಎಂದು ಕೇಳಿದ್ದೇ ಸಾಕಾಯಿತು. ಖಜಾನೆಯ ಕಾವಲುಗಾರನ ಕೊಲೆ. ಸಂಶಯ ಕುಂಬಾರನ ಮೇಲೆ. ನೂರಾ ಇಪ್ಪತ್ತನೇ ಪುಟದಲ್ಲಿ ಕುಂಬಾರ ಆ ರಾತ್ರಿ ಬೇರೆ ಊರಲ್ಲಿದ್ದ, ನಲವತ್ತು ಜನ ನೋಡಿದ್ದಾರೆ ಅಂತ ಕಾವಲಜ್ಜನೇ ಪತ್ತೆ ಮಾಡುತ್ತಾನೆ. ನೂರಾ ನಲವತ್ತನೇ ಪುಟದಲ್ಲಿ ಅದೇ ಕುಂಬಾರನನ್ನು ನೇಣಿಗೆ ಹಾಕಿಸುತ್ತಾನೆ.

"ಓದೋರು ಸುಮ್ನಿರ್ತಾರಾ? ಕಾವಲಜ್ಜನಿಗೆ ಮೊದ್ಲು ಕಣ್ಣಿನ ಆಪರೇಷನ್ ಮಾಡ್ಸಿ ಅಂತ ಕಾಗದ ಬಂತು. ಪಾಪ, ಕೊನೆ ತಿದ್ದೋದನ್ನೇ ಮರೆತಿದ್ರು. ವಯಸ್ಸು ನೋಡಿ."

ಕೂತವರು ನಕ್ಕರು, ಸಾವಿನ ಮನೆಯಲ್ಲಿ ನಗಬಹುದಾದಷ್ಟು. ಮಷಿನ್‌ಮ್ಯಾನ್ ಕೂಡ ನಕ್ಕ. ಬಾಗಿಲಲ್ಲಿ ನಿಂತಿದ್ದ ಗುಮಾಸ್ತರ ಮಗಳು ತಲೆ ತಗ್ಗಿಸಿದಳು. ಅವಳು ತಗ್ಗಿಸಿದ್ದನ್ನು ಬೈಂಡರ್ ನೋಡಿದ. ತಾನು ನೋಡಬಾರದಿತ್ತು ಅನಿಸಿತು.

*

ಆರು ವರ್ಷದ ಹಿಂದೆ, ಆ ಏಳನೇ ಪುಸ್ತಕದ ಹೊತ್ತಿಗೆ, ಬೈಂಡರ್‌ಗೆ ಇಪ್ಪತ್ತೆರಡು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಓದಿದವರನ್ನು ಕಂಡರೆ ಮೈ ಉರಿಯುತ್ತಿತ್ತು. ಓದುವುದು ನನ್ನ ಕೆಲಸವಲ್ಲ, ಮಡಚುವುದು ನನ್ನ ಕೆಲಸ ಎಂದು ಬೀಗುತ್ತಿದ್ದ. ದೊಡ್ಡ ಹಾಳೆಯೊಂದನ್ನು ಮಡಚಿದರೆ ಹದಿನಾರು ಪುಟದ ಒಂದು ಫಾರಂ. ಅಂಥ ಒಂಬತ್ತು ಫಾರಂ ಸೇರಿಸಿ ಹೊಲಿದರೆ ಒಬ್ಬ ಕಾವಲಜ್ಜ.

ಆ ಸಲ ಗುಮಾಸ್ತರು ಕೊನೆಗಳಿಗೆಯಲ್ಲಿ ಮನಸ್ಸು ಬದಲಿಸಿದ್ದರು. ಎಂಟನೇ ಫಾರಮ್ಮನ್ನೂ ಒಂಬತ್ತನೆಯದನ್ನೂ ತಿದ್ದಿ ತಂದುಕೊಟ್ಟರು. ಧಣಿ ಊರಲ್ಲಿರಲಿಲ್ಲ. ಮಷಿನ್‌ಮ್ಯಾನ್ ಗೊಣಗುತ್ತಲೇ ಎರಡನ್ನೂ ಮತ್ತೆ ಅಚ್ಚು ಹಾಕಿದ. ರದ್ದಾದ ಕಟ್ಟಿನ ಮೇಲೆ ಕೆಂಪು ಗೀಟು ಎಳೆಯುವುದು ಅವನ ಕೆಲಸ. ಎಂಟಕ್ಕೆ ಎಳೆದ. ಒಂಬತ್ತಕ್ಕೆ ಎಳೆಯಲಿಲ್ಲ. ಮೇಜಿನ ಪಕ್ಕ ಒಂಬತ್ತನೆಯದರ ಎರಡು ಕಟ್ಟು, ಹಳೆಯದು, ಹೊಸದು, ನೋಡಲು ಒಂದೇ ಥರ. ಬೈಂಡರ್ ಕೈಗೆ ಹತ್ತಿರವಿದ್ದದ್ದನ್ನು ಎತ್ತಿಕೊಂಡ. ಮೊದಲ ಹಾಳೆಯ ಒಂದು ಸಾಲು ಓದಿದ್ದರೂ ಸಾಕಿತ್ತು.

ಪುಸ್ತಕ ಅಂಗಡಿಗೆ ಹೋಗಿ, ಕಾಗದಗಳು ಬರತೊಡಗಿದ ಮೇಲೆ ಅವನಿಗೆ ಮೇಜಿನ ಪಕ್ಕ ಉಳಿದಿದ್ದ ಇನ್ನೊಂದು ಕಟ್ಟು, ತಿದ್ದಿದ ಒಂಬತ್ತು, ಕಂಡಿತು. ಮಷಿನ್‌ಮ್ಯಾನ್‌ಗೂ ಕಂಡಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಅಷ್ಟೇ. ಬೈಂಡರ್ ಆ ಕಟ್ಟನ್ನು ಕಟಿಂಗ್ ಮಷಿನ್ನಿಗೆ ಕೊಟ್ಟು ಎರಡು ಬೆರಳಗಲದ ಪಟ್ಟಿಗಳಾಗಿ ಸೀಳಿದ.

ಧಣಿ ಗುಮಾಸ್ತರನ್ನು ಕರೆಸಿ ಎಲ್ಲರೆದುರೇ ಕೇಳಿದ್ದರು, ಕೊನೆ ತಿದ್ದೋದು ಮರೆತ್ರಾ ಎಂದು. ಗುಮಾಸ್ತರು ಮಷಿನ್‌ಮ್ಯಾನ್ ಕಡೆ ನೋಡಿದರು. ಬೈಂಡರ್ ಕಡೆ ನೋಡಿದರು. ಆಮೇಲೆ ಕನ್ನಡಕ ಒರೆಸಿಕೊಳ್ಳುತ್ತ, "ಮರೆತಿರ್ಬೇಕು," ಎಂದರು.

ಆ 'ಇರ್ಬೇಕು'ವನ್ನು ಹಿಡಿದುಕೊಂಡೇ ಬೈಂಡರ್ ಆರು ವರ್ಷ ನಿದ್ದೆ ಮಾಡಿದ್ದ. ಮುದುಕನಿಗೇ ಖಾತ್ರಿಯಿಲ್ಲ, ತಾನು ಬಾಯಿ ಬಿಟ್ಟು ಯಾಕೆ ಕೆಲಸ ಕಳೆದುಕೊಳ್ಳಬೇಕು?

*

ಕಪಾಟು ಸರಿಸಿ ಮುಗಿದ ಮೇಲೆ ಮಗಳು ಅವನನ್ನು ಒಳಕೋಣೆಗೆ ಕರೆದಳು. ಐವತ್ತರ ಹತ್ತಿರದ ಹೆಂಗಸು. ಬೆಳಿಗ್ಗೆಯಿಂದ ಅತ್ತ ಗುರುತೇ ಇರಲಿಲ್ಲ. ಅವಳ ಕೈಯಲ್ಲಿ ಕೈಬರಹದ ಒಂದು ದಪ್ಪ ಪುಸ್ತಕ. ಅದನ್ನು ಕಂಡದ್ದೇ ಅವನಿಗೆ ಗುರುತು ಸಿಕ್ಕಿತು. ಏಳನೆಯದು ಹಾಳಾದ ವರ್ಷ, ಯಾಕೆಂದು ತನಗೇ ಹೇಳಿಕೊಳ್ಳದೆ, ಗಟ್ಟಿ ಹೊಲಿಗೆ ಹಾಕಿ, ಬೆನ್ನಿಗೆ ಕ್ಯಾಲಿಕೋ ಬಟ್ಟೆ ಸುತ್ತಿ, ಅವನೇ ಗುಮಾಸ್ತರಿಗೆ ಕೊಟ್ಟ ಖಾಲಿ ಪುಸ್ತಕ ಅದು.

"ನೀವೇ ಬೈಂಡರ್ ಅಲ್ವಾ? ಇದರ ಬೆನ್ನು ಬಿಟ್ಕೊಂಡಿದೆ. ಸ್ಮಶಾನದಲ್ಲಿ ಒಂದು ಪುಟ ಓದೋಣ ಅಂತ ಇದ್ದೆ, ಹಾಳೆ ಉದುರೋ ಹಾಗಿದೆ. ಈಗ್ಲೇ ಒಂಚೂರು ಅಂಟಿಸ್ಕೊಡ್ತೀರಾ?"

ಕಾವಲಜ್ಜನ ಎಂಟನೆಯದು ಎಂದಳು. ಧಣಿ ಬೇಡವೆಂದ ಮೇಲೂ ಬರೆದದ್ದು. ಇದರಲ್ಲಿ ಕೊಲೆಯೇ ಇಲ್ಲವಂತೆ. ಕಾವಲಜ್ಜ ಕೋಲೂರಿಕೊಂಡು ಕುಂಬಾರನ ಹೆಂಡತಿಯ ಮನೆಗೆ ಹೋಗುತ್ತಾನಂತೆ. ಅವಳು ಒಳಗೆ ಕರೆಯುವುದಿಲ್ಲವಂತೆ. ಇವನು ಜಗಲಿಯ ಮೇಲೆ ಕೂತೇ ಇರುತ್ತಾನಂತೆ, ಪುಸ್ತಕ ಮುಗಿಯುವ ತನಕ.

ನಿಂತಲ್ಲೇ ಅವಳು ಇನ್ನಷ್ಟು ಹೇಳಿದಳು, ಅವನಿಗೆ ಹೇಳುವಂತೆಯೂ ಇರಲಿಲ್ಲ. ಆ ಏಳನೆಯದಾದ ಮೇಲೆ ಅಪ್ಪನನ್ನು ನಂಬುವುದು ಬಿಟ್ಟಿದ್ದಳು. ಒಲೆ ಹಚ್ಚಲು ಬಿಡುತ್ತಿರಲಿಲ್ಲ. ಬೀಗದ ಕೈ ಕಿತ್ತುಕೊಂಡಿದ್ದಳು. ಹೊರಗೆ ಹೊರಟರೆ ಜೇಬಿನಲ್ಲಿ ವಿಳಾಸದ ಚೀಟಿ ಇಡುತ್ತಿದ್ದಳು, ಮಗುವಿಗೆ ಇಟ್ಟ ಹಾಗೆ. ಅಪ್ಪ ಬೇಡ ಎನ್ನಲಿಲ್ಲ. ಡಾಕ್ಟರು ಏನೂ ಇಲ್ಲ ಎಂದಾಗಲೂ ಇವಳು ಒಪ್ಪಲಿಲ್ಲ.

"ಒಂದ್ಸಲ ಬಂದೋರ ಮುಂದೆ ಬೈದೆ," ಎಂದಳು. "ಬರೆದ ಕಥೆನೇ ನೆನಪಿರಲ್ಲ ನಿಮಗೆ, ನೀವು ಸುಮ್ನೆ ಕೂತ್ಕೊಳ್ಳಿ ಅಂತ. ಆಯ್ತಮ್ಮ ಅಂದ್ರು."

ಬೈಂಡರ್ ಪುಸ್ತಕವನ್ನು ತೆಗೆದುಕೊಂಡು ಬೆನ್ನಿನ ಬಟ್ಟೆಯನ್ನು ಮೆಲ್ಲಗೆ ಎತ್ತಿದ. ಅದು ತಾನಾಗಿ ಬಿಟ್ಟುಕೊಂಡದ್ದಲ್ಲ. ಬ್ಲೇಡಿನಿಂದ ನೇರವಾಗಿ ಕೊಯ್ದಿದ್ದರು. ಬಟ್ಟೆಯ ಕೆಳಗೆ, ಬೆನ್ನು ಗಟ್ಟಿಯಾಗಲೆಂದು ಅವನೇ ಅಂದು ಒತ್ತಿದ ರದ್ದಿ ಕಾಗದದ ಪಟ್ಟಿಗಳಿದ್ದವು. ಆ ದಿನ ಕೈಗೆ ಸಿಕ್ಕ ರದ್ದಿ ಅದೇ ಆಗಿತ್ತು: ಒಂಬತ್ತನೇ ಫಾರಂ. ಒಂದೊಂದು ಪಟ್ಟಿಯನ್ನೂ ಯಾರೋ ಹರಿಯದ ಹಾಗೆ ಎಬ್ಬಿಸಿ, ನೋಡಿ, ಕಚೇರಿಯ ಗೋಂದು ಹಚ್ಚಿ ಮತ್ತೆ ಅಂಟಿಸಿದ್ದರು. ಪಕ್ಕದಲ್ಲಿ ಪೆನ್ಸಿಲ್ಲಿನ ಗುಂಡು ಅಕ್ಷರದಲ್ಲಿ ಪುಟದ ಸಂಖ್ಯೆ: 131. 134. 140. ಆ ಅಕ್ಷರ ಊರಿನ ಅರ್ಧ ಮನೆಗಳ ಮರಣಪತ್ರದ ಮೇಲಿತ್ತು.

ಗೊತ್ತಿತ್ತು. ಮುದುಕನಿಗೆ ಎಲ್ಲ ಗೊತ್ತಿತ್ತು. ಪತ್ತೆ ಮಾಡಿ, ಸಾಕ್ಷಿಯನ್ನು ಇದ್ದಲ್ಲೇ ಇಟ್ಟು ಮುಚ್ಚಿದ್ದರು.

ಬೈಂಡರ್ ಜೇಬು ಮುಟ್ಟಿ ನೋಡಿಕೊಂಡ. ಜೇಬಿನಲ್ಲಿ ಅಂಟಿನ ಟ್ಯೂಬ್ ಇತ್ತು. ಬಟ್ಟೆ ಎಳೆದು ಒತ್ತಿದರೆ ಎರಡು ನಿಮಿಷದ ಕೆಲಸ. ಇವಳು ಎಂದೂ ಬಿಚ್ಚಿ ನೋಡುವವಳಲ್ಲ. ಅವನ ಹೆಬ್ಬೆರಳು ಬಟ್ಟೆಯ ಮೇಲೆ ಬಂದೂ ಬಂತು. ಎದುರಿಗೆ ಅವಳು ಕೈಕಟ್ಟಿ ನಿಂತಿದ್ದಳು, ತನ್ನನ್ನೇ ಹಿಡಿದುಕೊಂಡವಳ ಹಾಗೆ.

"ಅಕ್ಕಾ," ಎಂದ. "ನಿಮ್ಮಪ್ಪ ಮರೆತಿರ್ಲಿಲ್ಲ."

ಅವಳಿಗೆ ಅರ್ಥವಾಗಲಿಲ್ಲ. ಅವನು ಪುಸ್ತಕ ತಿರುಗಿಸಿ ಬೆನ್ನು ತೋರಿಸಿ ಹೇಳಿದ. ಎರಡು ಕಟ್ಟು, ಕೈಗೆ ಹತ್ತಿರವಿದ್ದದ್ದು, ಕಟಿಂಗ್ ಮಷಿನ್ನು. ಹೇಳುತ್ತ ಹೋದಂತೆ ಅದು ಎಷ್ಟು ಚಿಕ್ಕ ತಪ್ಪಾಗಿತ್ತು ಎಂದು ಅವನಿಗೇ ಕಾಣಿಸಿತು. ಅಂದೇ ಹೇಳಿದ್ದರೆ ಒಂದು ಬೈಗುಳ, ಹೆಚ್ಚೆಂದರೆ ಒಂದು ಕೆಲಸ ಹೋಗುತ್ತಿತ್ತು.

ಅವಳು ಅವನನ್ನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಅದ್ರಲ್ಲಿ ಏನಿತ್ತು? ಸರಿಯಾದ ಕೊನೆಯಲ್ಲಿ?"

"ಗೊತ್ತಿಲ್ಲಕ್ಕ. ನಾನು ಓದ್ಲಿಲ್ಲ."

ಅವಳು ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಪಟ್ಟಿಯಲ್ಲಿ ಸಾಲಿಗೆ ಎರಡೇ ಮಾತು ಉಳಿದಿದ್ದವು, ಅಕ್ಕಪಕ್ಕದ್ದೆಲ್ಲ ಹೋಗಿತ್ತು. ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ ಹೋಗಿ ಒಂದು ಕಡೆ ನಿಂತಳು. 'ಕೈಯ ಹಗ್ಗ' ಎಂದಿತ್ತು. ಅದರ ಕೆಳಗಿನ ಸಾಲಿನಲ್ಲಿ 'ಮನೆಗೆ ಹೋಗು'.

"ಬಿಟ್ಟುಬಿಟ್ಟಿದ್ರು," ಎಂದಳು. "ಕುಂಬಾರನ್ನ ಬಿಟ್ಟುಬಿಟ್ಟಿದ್ರು ಅಪ್ಪ."

ಆಗ ಅತ್ತಳು.

ಹೊರಗೆ ಗಾಡಿಯ ಸದ್ದಾಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು, "ಹೊರಗಿರೋರಿಗೂ ಹೇಳಬೇಕು," ಎಂದಳು. "ನಾನು ಹೇಳಿದ್ರೆ ಮಗಳಲ್ವಾ, ಹೇಳ್ತಾಳೆ ಅಂತಾರೆ. ನೀನು ಹೇಳು." ಆರಂಭದ 'ನೀವು' ಹೋಗಿತ್ತು. ಅದು ಸಲುಗೆಯಲ್ಲ ಎಂದು ಅವನಿಗೆ ತಿಳಿಯಿತು.

*

ಅಷ್ಟರಲ್ಲಿ ಬಂದವರು ಗುಮಾಸ್ತರನ್ನು ಅಂಗಳದ ಬೆಂಚಿನ ಮೇಲೆ ತಂದಿಟ್ಟಿದ್ದರು. ಜನ ಎದ್ದು ನಿಂತಿದ್ದರು. ಧಣಿ ಗಾಡಿಯವನಿಗೆ ಹಿಂದೆ ತೆಗೆದುಕೋ ಎಂದು ಕೈಸನ್ನೆ ಮಾಡುತ್ತಿದ್ದರು.

ಬೈಂಡರ್ ಹೇಳಿದ. ಚೆನ್ನಾಗಿ ಹೇಳಲಿಲ್ಲ. ಎಂಟು, ಒಂಬತ್ತು, ಹಳೆಯದು, ಹೊಸದು ಎಂದು ತೊದಲಿದ. ಅರ್ಧ ಜನಕ್ಕೆ ಯಾವ ಕಟ್ಟಿನ ಮಾತು ಎಂದೇ ತಿಳಿಯಲಿಲ್ಲ. ಕೊನೆಗೆ, "ಗುಮಾಸ್ತರು ತಿದ್ದಿ ಕೊಟ್ಟಿದ್ರು, ತಪ್ಪು ಹಾಳೆ ಹೊಲಿದೋನು ನಾನು, ಸರಿ ಹಾಳೆ ಸೀಳಿ ಹಾಕಿದೋನೂ ನಾನೇ," ಎಂದ. ಅದು ಎಲ್ಲರಿಗೂ ತಿಳಿಯಿತು. ಕೆಂಪು ಗೀಟಿನ ಮಾತನ್ನು ಅವನು ಎತ್ತಲಿಲ್ಲ.

ಧಣಿಯ ಕೈ ಗಾಳಿಯಲ್ಲೇ ನಿಂತಿತು. ಸ್ವಲ್ಪ ಹೊತ್ತು ಮುಂಚೆ ನಕ್ಕಿದ್ದವರು ಗಾಡಿಯ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು. ಬೆಂಚಿನ ಕಡೆ ಯಾರೂ ನೋಡಲಿಲ್ಲ.

"ಒಂಬತ್ತನ್ನ ಎರಡು ಸಲ ಅಚ್ಚು ಹಾಕಿದ್ರೆ, ನಿನಗೆ ಗೊತ್ತಿರ್ಬೇಕಲ್ವೇನೋ?" ಧಣಿ ಮಷಿನ್‌ಮ್ಯಾನ್ ಕಡೆ ತಿರುಗಿದರು.

ಮಷಿನ್‌ಮ್ಯಾನ್ ಚಪ್ಪಲಿಯ ಪಟ್ಟಿ ಕಟ್ಟಿಕೊಳ್ಳಲು ಬಗ್ಗಿದ್ದ.

ಬೆಂಚಿನ ಮೂರು ಮೂಲೆಗಳನ್ನು ಮೂವರು ಹಿಡಿದರು. ಮಗಳು ಮುಂದೆ ಬಂದು ನಾಲ್ಕನೆಯದನ್ನು ತಾನೇ ಹಿಡಿದಳು. ಎತ್ತಿದರು. ಗಾಡಿಯ ಬಾಗಿಲು ಮುಚ್ಚಿತು, ಜನ ಒಬ್ಬೊಬ್ಬರಾಗಿ ಗೇಟು ದಾಟಿದರು. ಖಾಲಿ ಕುರ್ಚಿಗಳ ನಡುವೆ ಮಷಿನ್‌ಮ್ಯಾನ್ ಇನ್ನೂ ಬಗ್ಗಿಯೇ ಇದ್ದ. ಕಟ್ಟಿದ ಪಟ್ಟಿಯನ್ನು ಬಿಚ್ಚುತ್ತಿದ್ದ, ಮತ್ತೆ ಕಟ್ಟುತ್ತಿದ್ದ.